ಜಿಲ್ಬೆರ್ಟೊ ಜಿಲ್ ಬೆನ್ನು ಹತ್ತಿ: ಸಾವ್ ಪಾವ್ಲೊದಿಂದ ಸಾಲ್ವಡೋರ್‌ಗೆ

ಗುರುವಾರ, ಸಾವ್ ಪಾವ್ಲೊ

ಬ್ರೆಜಿಲ್‌ಗೆ ಹೊರಟಿದ್ದೇನೆ ಅಂದಾಗ ಮನೆಯವರೆಲ್ಲ ಕೇಳಿದ್ದು ಅಮೆಜಾನ್ ಕಾಡು ಮತ್ತು ಫುಟ್‌ಬಾಲ್ ಬಗ್ಗೆ. ನನಗೆ ಬೇಕಿದ್ದದ್ದು ಜಿಲ್ಬೆರ್ಟೊ ಜಿಲ್ ಹಾಡಿದ ಜಾಗಗಳು. ಎಂಬತ್ತು ದಾಟಿದ ಈ ಮನುಷ್ಯ ಅರವತ್ತು ವರ್ಷದಿಂದ ಹಾಡು ಕಟ್ಟುತ್ತಿದ್ದಾರೆ. ಸಾಂಬಾ, ಬರಗಾಲದ ನಾಡಿನ ಅಕಾರ್ಡಿಯನ್ ಹಾಡು, ರಾಕ್, ರೆಗ್ಗೆ, ಆಫ್ರಿಕಾದ ಡೋಲು, ಯಾವುದನ್ನೂ ಬಿಟ್ಟವರಲ್ಲ. ನಡುವೆ ಜೈಲು, ಗಡೀಪಾರು, ಆಮೇಲೆ ಅದೇ ದೇಶದ ಸಂಸ್ಕೃತಿ ಮಂತ್ರಿಗಿರಿ. ಇಂಥ ಜಾತಕ ಎಷ್ಟು ಜನರಿಗಿರುತ್ತದೆ ಹೇಳಿ.

ಸಾವ್ ಪಾವ್ಲೊದಲ್ಲಿ ನನ್ನ ಚಿಕ್ಕಪ್ಪನ ಮಗ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಪೋರ್ಚುಗೀಸ್ ಚೆನ್ನಾಗಿ ಬರುತ್ತದೆ. ರಜೆ ಹಾಕಿ ನನ್ನ ಜೊತೆ ಬಂದ. ಮೊದಲು ಹೋಗಿದ್ದು ಬ್ರಿಗಡೇರೊ ಲೂಯಿಸ್ ಆಂಟೋನಿಯೊ ಅವೆನ್ಯೂದಲ್ಲಿರುವ ಹಳೇ ಪ್ಯಾರಮೌಂಟ್ ಥಿಯೇಟರ್‌ಗೆ. ಈಗ ಹೆಸರು ಬೇರೆ, ದೊಡ್ಡ ದೊಡ್ಡ ಮ್ಯೂಸಿಕಲ್ ನಾಟಕ ನಡೆಯುತ್ತವೆ. ಹೊರಗೆ ಟ್ರಾಫಿಕ್ ಗದ್ದಲ. ಒಳಗೆ ಬಿಡಲಿಲ್ಲ, ಶೋ ಟಿಕೆಟ್ ತಗೊಂಡು ಬನ್ನಿ ಅಂದರು.

ಈ ಕಟ್ಟಡದ ಮುಂದೆ ಸುಮ್ಮನೆ ಹತ್ತು ನಿಮಿಷ ನಿಂತೆ. ಯಾಕೆ ಅಂದರೆ 1967ರ ಜುಲೈ 17ರಂದು ಇಲ್ಲಿಗೆ ಒಂದು ಮೆರವಣಿಗೆ ಬಂದಿತ್ತು, ಎಲೆಕ್ಟ್ರಿಕ್ ಗಿಟಾರ್ ವಿರುದ್ಧ! ಬ್ರೆಜಿಲ್ ಸಂಗೀತವನ್ನು ಅಮೆರಿಕದ ಹಾವಳಿಯಿಂದ ಉಳಿಸಿ ಅಂತ ಘೋಷಣೆ. ಮುಂದಾಳು ಗಾಯಕಿ ಎಲಿಸ್ ರೆಜಿನಾ. ಆ ಗುಂಪಿನಲ್ಲಿ ಜಿಲ್ ಕೂಡ ಇದ್ದರು. ಮೂರೇ ತಿಂಗಳು, ಅದೇ ಅಕ್ಟೋಬರ್‌ನಲ್ಲಿ, ಅದೇ ಥಿಯೇಟರ್‌ನಲ್ಲಿ ನಡೆದ, ಟಿವಿ ರೆಕಾರ್ಡ್ ಅನ್ನುವ ಚಾನೆಲ್ಲಿನ ಹಾಡಿನ ಸ್ಪರ್ಧೆಗೆ ಓಸ್ ಮುಟಾಂಚಿಸ್ ಅನ್ನುವ ರಾಕ್ ಹುಡುಗರನ್ನು ಎಲೆಕ್ಟ್ರಿಕ್ ಗಿಟಾರ್ ಸಮೇತ ಕಟ್ಟಿಕೊಂಡು ಬಂದವರೂ ಇದೇ ಜಿಲ್.

"ಅಣ್ಣಾ, ಇದೆಂಥ ಪಲ್ಟಿ?" ಅಂದ ತಮ್ಮ. ಪಲ್ಟಿಯೇ. ಆದರೆ ಅದಕ್ಕೆ ಹಿನ್ನೆಲೆ ಇದೆ. ಆ ವರ್ಷವೇ ಅವರು ಈಶಾನ್ಯದ ಪೆರ್ನಾಂಬುಕೊ ರಾಜ್ಯಕ್ಕೆ ಹೋಗಿದ್ದರು. ಅಲ್ಲಿ ಕರುವಾರು ಊರಿನ ಪೀಫಾನೊ ಮೇಳ ಕೇಳಿದರು. ಪೀಫಾನೊ ಅಂದರೆ ಬಿದಿರಿನ ಕೊಳಲು, ಜೊತೆಗೆ ಡೋಲು, ನುಡಿಸುವವರೆಲ್ಲ ಹಳ್ಳಿಯವರು. ಆ ಕಾಲಕ್ಕೇ ಬೀಟಲ್ಸ್ ಕೂಡ ಕಿವಿಗೆ ಬಿದ್ದರು. ಇವೆರಡನ್ನೂ ಒಂದೇ ಉಸಿರಲ್ಲಿ ಕೇಳಿದವನಿಗೆ ಯಾವುದು ನಮ್ಮದು ಯಾವುದು ಹೊರಗಿನದು ಅಂತ ಗೆರೆ ಎಳೆಯುವುದು ಕಷ್ಟವಾಗಿರಬೇಕು. ಸ್ಪರ್ಧೆಯ ಹಾಡು 'ದೊಮಿಂಗೊ ನೊ ಪಾರ್ಕಿ', ಅಂದರೆ ಪಾರ್ಕಿನಲ್ಲೊಂದು ಭಾನುವಾರ. ಅದರಲ್ಲಿ ಕಾಳಗವೂ ಕುಣಿತವೂ ಬೆರೆತ ಕಪೋಯೆರಾ ಆಟದ ಬೆರಿಂಬಾವ್ ವಾದ್ಯ, ಎಲೆಕ್ಟ್ರಿಕ್ ಗಿಟಾರ್, ಇಡೀ ಆರ್ಕೆಸ್ಟ್ರಾ ಒಟ್ಟಿಗೇ ಇವೆ. ಆರ್ಕೆಸ್ಟ್ರಾ ಕೂರಿಸಿದವರು ರೊಜೇರಿಯೊ ದುಪ್ರಾ. ಫೈನಲ್ ರಾತ್ರಿ ಜಿಲ್‌ಗೆ ಎಷ್ಟು ಹೆದರಿಕೆ ಅಂದರೆ ಹೋಟೆಲ್ ರೂಮಿನಲ್ಲಿ ಹೊದ್ದುಕೊಂಡು ಮಲಗಿಬಿಟ್ಟಿದ್ದರು, ಎಬ್ಬಿಸಿ ಕರೆತರಬೇಕಾಯಿತು. ಹಾಡಿಗೆ ಎರಡನೇ ಬಹುಮಾನ ಬಂತು. ಮೊದಲನೆಯದು ಎಡು ಲೋಬೊ ಮತ್ತು ಕಪಿನಾನ್ ಅವರ 'ಪೊಂತೇಯು'ಗೆ.

ಇನ್ನೊಂದು ಸಂಗತಿ ಕೇಳಿ ತಮ್ಮ ನಕ್ಕ. ಜಿಲ್ 1965ರಲ್ಲಿ ಈ ಊರಿಗೆ ಬಂದದ್ದು ಹಾಡೋಕಲ್ಲ. ಸಾಲ್ವಡೋರ್ ಇರುವ ಬಾಹಿಯಾ ರಾಜ್ಯದಲ್ಲಿ ಬಿಸಿನೆಸ್ ಅಡ್ಮಿನಿಸ್ಟ್ರೇಷನ್ ಓದಿ ಜೆಸ್ಸಿ ಲೀವರ್ ಕಂಪನಿಗೆ ಟ್ರೈನಿಯಾಗಿ ಬಂದರು, ನಮ್ಮ ಹಿಂದೂಸ್ತಾನ್ ಲೀವರ್ ಇತ್ತಲ್ಲ, ಅದರದ್ದೇ ಬಳಗ. ಹಗಲು ಸೋಪು ಕಂಪನಿ, ರಾತ್ರಿ ಗಿಟಾರ್.

ಶುಕ್ರವಾರ, ರಿಯೊ

"ಇಷ್ಟು ದೂರ ಬಂದು ಕೋಪಕಬಾನಾ ಬಿಟ್ಟು ಮಿಲಿಟರಿ ಕ್ಯಾಂಪ್ ನೋಡಕ್ಕೆ ಹೋಗ್ತೀಯಾ ಅಣ್ಣಾ?" ಅಂತ ತಮ್ಮ ಬೆಳಿಗ್ಗೆಯಿಂದ ಗೊಣಗುತ್ತಲೇ ಇದ್ದ. ಸೆಂಟ್ರಲ್ ಸ್ಟೇಷನ್ನಿನಿಂದ ಸಾಂತಾ ಕ್ರೂಸ್ ಕಡೆಯ ಲೋಕಲ್ ಟ್ರೈನ್ ಹತ್ತಿದೆವು. ಪ್ರವಾಸಿಗರು ಅಂತ ನಮ್ಮಿಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ. ಒಬ್ಬ ಫೋನ್ ಚಾರ್ಜರ್ ಮಾರಿದ, ಇನ್ನೊಬ್ಬ ಕಡಲೆಕಾಯಿ, ಮತ್ತೊಬ್ಬ ಬೈಬಲ್ ಹಿಡಿದು ಭಾಷಣ ಮಾಡಿದ. ದೆಯೊದೊರೊ, ವಿಲಾ ಮಿಲಿಟಾರ್, ಆಮೇಲೆ ರಿಯಾಲೆಂಗೊ. ಸಾಧಾರಣ ಬಡಾವಣೆ, ತಗ್ಗು ಮನೆಗಳು, ಬಿಸಿಲು.

1968ರ ಡಿಸೆಂಬರ್ 13ರಂದು ಮಿಲಿಟರಿ ಸರ್ಕಾರ ಐದನೇ ಸಾಂಸ್ಥಿಕ ಕಾಯ್ದೆ ಅಂತ ಒಂದು ತಂತು. ಅಲ್ಲಿಗೆ ಪಾರ್ಲಿಮೆಂಟ್ ಬಂದ್, ಸೆನ್ಸಾರ್ ಬಿಗಿ. ಎರಡು ವಾರದಲ್ಲಿ, ಡಿಸೆಂಬರ್ 27ಕ್ಕೆ, ಜಿಲ್ ಮತ್ತು ಗೆಳೆಯ ಕಾಯೆತಾನೊ ವೆಲೋಸೊ ಇಬ್ಬರನ್ನೂ ಸಾವ್ ಪಾವ್ಲೊದಲ್ಲಿ ಹಿಡಿದು ರಿಯೊಗೆ ತಂದು ಒಳಗೆ ಹಾಕಿದರು. ಅದೇ ವರ್ಷ ಇವರೆಲ್ಲ ಸೇರಿ 'ಟ್ರೊಪಿಕಾಲಿಯಾ' ಆಲ್ಬಂ ತಂದಿದ್ದರು. ಹಾಡಿನಲ್ಲಿ ನೇರವಾದ ರಾಜಕೀಯ ಕಡಿಮೆ. ಆದರೂ ಉದ್ದ ಕೂದಲು, ಪ್ಲಾಸ್ಟಿಕ್ ಬಟ್ಟೆ, ಟಿವಿಯಲ್ಲಿ ತಮಾಷೆ, ಇವೆಲ್ಲ ಸೇನೆಯವರಿಗೆ ಸಹಿಸಲಾಗಲಿಲ್ಲ. ಎಡಪಂಥದ ವಿದ್ಯಾರ್ಥಿಗಳಿಗೂ ಇವರನ್ನು ಕಂಡರೆ ಆಗುತ್ತಿರಲಿಲ್ಲ, ಅವರೂ ಕೂಗಿ ಸ್ಟೇಜಿನಿಂದ ಇಳಿಸಿದವರೇ. ಎರಡೂ ಕಡೆಯಿಂದ ಬೈಸಿಕೊಂಡವರು ಅಂದರೆ ನನಗೆ ಮೊದಲಿನಿಂದಲೂ ಸ್ವಲ್ಪ ಪಕ್ಷಪಾತ.

ಕ್ಯಾಂಪಿನಲ್ಲಿ ಜಿಲ್‌ಗೆ ಒಂದು ಗಿಟಾರ್ ಸಿಕ್ಕಿತು. ಅದರಲ್ಲೇ ಕೆಲವು ಹಾಡು ಕಟ್ಟಿದರು. ಎಲೆಕ್ಟ್ರಾನಿಕ್ ಮೆದುಳು ಎಲ್ಲ ಮಾಡುತ್ತದೆ ಆದರೆ ಅದು ಮೂಕ ಅನ್ನುವ ಹಾಡು ಹುಟ್ಟಿದ್ದು ಅಲ್ಲೇ. ಯೋಗ, ಊಟದ ಪಥ್ಯ, ಎಲ್ಲ ಶುರುವಾದದ್ದೂ ಅಲ್ಲಿಂದಲೇ. 1969ರ ಫೆಬ್ರವರಿಯಲ್ಲಿ, ಕಾರ್ನಿವಲ್ ಮುಗಿದ ಬೂದಿ ಬುಧವಾರದ ದಿನ, ಬಿಟ್ಟರು. ಕಾವಲಿನ ಸೈನಿಕರು ಟಿವಿ ಹಾಸ್ಯಗಾರನೊಬ್ಬನ ಮಾತನ್ನು ಹಿಡಿದು ಇವರನ್ನು ಕಂಡಾಗಲೆಲ್ಲ "ಅಕೇಲಿ ಅಬ್ರಾಸೊ" ಅನ್ನುತ್ತಿದ್ದರಂತೆ, ಅಂದರೆ 'ನಿಂಗೊಂದು ಅಪ್ಪುಗೆ ಕಣಯ್ಯಾ' ಅನ್ನೋ ಥರ. ಅದನ್ನೇ ಪಲ್ಲವಿ ಮಾಡಿ ಸಾಂಬಾ ಕಟ್ಟಿದರು. ರಿಯೊಗೆ, ಫ್ಲಮೆಂಗೊ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿಗಳಿಗೆ, ಪೋರ್ತೆಲಾ ಸಾಂಬಾ ಶಾಲೆಗೆ, ಇದೇ ರಿಯಾಲೆಂಗೊಗೂ ಒಂದು ಅಪ್ಪುಗೆ. ದೇಶ ಬಿಟ್ಟು ಹೋಗುವ ಮನುಷ್ಯ ಇಷ್ಟು ಕುಣಿಯುವ ಹಾಡು ಹೇಗೆ ಬರೆದ ಅನ್ನೋದು ನನಗೆ ಇವತ್ತಿಗೂ ಅಚ್ಚರಿ.

ಸ್ಟೇಷನ್ ಎದುರಿನ ತಿಂಡಿ ಅಂಗಡಿಯಲ್ಲಿ ಕಬ್ಬಿನ ಹಾಲು ಕುಡಿದೆವು. ತಮ್ಮ ಅಂಗಡಿಯವರಿಗೆ ನಾವು ಬಂದ ಕಾರಣ ಹೇಳಿದ. ಅವರು ಲೋಟ ತೊಳೆಯುವುದನ್ನು ನಿಲ್ಲಿಸದೆ ಹಾಡಿನ ಆ ಸಾಲು ಹಾಡಿ, ದುಡ್ಡು ಎಣಿಸಿಕೊಂಡರು. ಸಂಜೆ ಕೋಪಕಬಾನಾಕ್ಕೂ ಹೋದೆವು, ಮರಳಿದೆ, ಸಮುದ್ರವಿದೆ, ಫೋಟೋ ತೆಗೆದದ್ದಾಯಿತು.

ಶನಿವಾರ, ಸಾಲ್ವಡೋರ್

ವಿಮಾನ ಇಳಿಯುವಾಗಲೇ ಮಳೆ. ಜೂನ್ ಅಂದರೆ ಇಲ್ಲಿ ಮಳೆಗಾಲ. ಮಧ್ಯಾಹ್ನ ಲಸೆರ್ದಾ ಲಿಫ್ಟ್ ಹತ್ತಿ ಕೆಳಗಿನ ಊರಿನಿಂದ ಮೇಲಿನ ಊರಿಗೆ ಬಂದೆವು. 1873ರಿಂದ ಜನರನ್ನು ಹೊರುತ್ತಿದೆ, 72 ಮೀಟರ್ ಎತ್ತರ. ಕೆಳಗೆ ಬಂದರು, ಮೇಲೆ ಚರ್ಚುಗಳು. ಆಫ್ರಿಕಾದಿಂದ ಗುಲಾಮರನ್ನು ತಂದು ಇಳಿಸಿದ ಬಂದರು ಇದು, ಊರಿನ ತಾಳವೆಲ್ಲ ಅವರದ್ದೇ.

ಸಂಜೆ ಕಾಂಪೊ ಗ್ರಾಂಡಿ ಕಡೆ ನಡೆದೆವು. ಅಲ್ಲೇ ಹತ್ತಿರದಲ್ಲಿ ಎರಡು ಥಿಯೇಟರ್. ಎರಡರ ಒಳಗೂ ಹೋಗಲು ಆಗಲಿಲ್ಲ. ಚಿಕ್ಕದು ವಿಲಾ ವೆಲ್ಯಾ. 1964ರಲ್ಲಿ ಜಿಲ್, ಕಾಯೆತಾನೊ, ಅವರ ತಂಗಿ ಮಾರಿಯಾ ಬೆತಾನಿಯಾ, ಗಾಲ್ ಕೋಸ್ತಾ, ಟಾಮ್ ಜೇ ಒಂದೇ ಸ್ಟೇಜ್ ಮೇಲೆ ಹಾಡಿದ್ದು ಇಲ್ಲಿ. ಅವತ್ತು ಟಿಕೆಟ್ ಕೊಂಡವರಿಗೆ ಏನು ಕೇಳುತ್ತಿದ್ದೇವೆ ಅಂತ ಗೊತ್ತಿರಲಿಕ್ಕಿಲ್ಲ, ಮುಂದಿನ ಅರ್ಧ ಶತಮಾನದ ಬ್ರೆಜಿಲ್ ಸಂಗೀತ ಅಲ್ಲೇ ನಿಂತಿತ್ತು. ದೊಡ್ಡದು ಕಾಸ್ಟ್ರೊ ಆಲ್ವಿಸ್. ಜೈಲಿನಿಂದ ಬಿಟ್ಟ ಮೇಲೆ ಜಿಲ್ ಮತ್ತು ಕಾಯೆತಾನೊ ಇದೇ ಊರಲ್ಲಿ ಗೃಹಬಂಧನದಲ್ಲಿದ್ದರು. ದೇಶ ಬಿಟ್ಟು ಹೋಗಿ ಅಂತ ಸರ್ಕಾರ ಹೇಳಿತು, ಆದರೆ ಹೋಗಲು ಕಾಸು ಬೇಕಲ್ಲ? ಅದಕ್ಕೆ ಇಲ್ಲಿ ಎರಡು ದಿನ ಕಚೇರಿ ಮಾಡಿದರು, 1969ರ ಜುಲೈ 20 ಮತ್ತು 21. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ರಾತ್ರಿಯೇ.

ರಾತ್ರಿ ಊಟಕ್ಕೆ ಅಕರಾಜೆ. ಬಿಳಿ ಲಂಗ, ತಲೆಗೆ ಬಿಳಿ ಬಟ್ಟೆ ಸುತ್ತಿದ ಹೆಂಗಸು ರಸ್ತೆ ಬದಿಯಲ್ಲೇ ಕರಿಯುತ್ತಾರೆ. ಅಲಸಂದೆ ಕಾಳು ನೆನೆಸಿ, ಸಿಪ್ಪೆ ತೆಗೆದು, ರುಬ್ಬಿ, ಕೆಂಪು ತಾಳೆ ಎಣ್ಣೆಯಲ್ಲಿ ಕರಿದು, ಮಧ್ಯೆ ಸೀಳಿ ಸಿಗಡಿ ಮತ್ತು ಬೆಂಡೆಕಾಯಿ ಪಲ್ಯ ತುಂಬುತ್ತಾರೆ. ನಮ್ಮ ಅಲಸಂದೆ ವಡೆಗೆ ಗಡ್ಡೆಗಾತ್ರದ ಅಣ್ಣ ಹುಟ್ಟಿದ ಹಾಗೆ. ಖಾರ ಬೇಕಾ ಅಂತ ಕೇಳಿದರು, ತಮ್ಮ ಬೇಕು ಅಂದ, ಆಮೇಲೆ ಅರ್ಧ ಗಂಟೆ ಮಾತಾಡಲಿಲ್ಲ.

ಭಾನುವಾರ, ರಿಬೇರಾ

ಬೇಕಂತಲೇ ಭಾನುವಾರಕ್ಕೆ ಇಟ್ಟುಕೊಂಡದ್ದು. 'ಪಾರ್ಕಿನಲ್ಲೊಂದು ಭಾನುವಾರ' ಹಾಡಿನ ಕಥೆ ಹೀಗೆ: ಜೊಜೆ ಸಂತೆಯಲ್ಲಿ ಕೆಲಸ ಮಾಡುವ ತಮಾಷೆಗಾರ, ಜೊವಾವ್ ಕಟ್ಟಡ ಕೆಲಸದ ಜಗಳಗಂಟ. ಆ ಭಾನುವಾರ ಜೊವಾವ್ ರಿಬೇರಾಕ್ಕೆ ಕಪೋಯೆರಾ ಆಡಲು ಹೋಗಲಿಲ್ಲ, ಹುಡುಗಿ ಜೊತೆ ಸುತ್ತಲು ಹೋದ. ಪಾರ್ಕಿನಲ್ಲಿ ಜೊಜೆಗೆ ತಾನು ಮೆಚ್ಚಿದ ಜೂಲಿಯಾನಾ ಕಂಡಳು, ಪಕ್ಕದಲ್ಲಿ ಜೊವಾವ್, ಕೈಯಲ್ಲಿ ಗುಲಾಬಿ ಮತ್ತು ಐಸ್‌ಕ್ರೀಂ. ಜಾಯಿಂಟ್ ವ್ಹೀಲ್ ತಿರುಗುತ್ತದೆ, ಹಾಡೂ ತಿರುಗುತ್ತದೆ, ಕೆಂಪು ಐಸ್‌ಕ್ರೀಂ, ಕೆಂಪು ಗುಲಾಬಿ, ಚಾಕು. ಮೂರು ನಾಲ್ಕು ನಿಮಿಷದಲ್ಲಿ ಒಂದು ಸಿನಿಮಾ.

ರಿಬೇರಾ ಊರಿನ ಒಂದು ತುದಿ, ಕೊಲ್ಲಿಯ ನೀರು ಶಾಂತ, ದೋಣಿಗಳು. 1931ರಿಂದ ಇರುವ ಐಸ್‌ಕ್ರೀಂ ಅಂಗಡಿಯ ಮುಂದೆ ದೊಡ್ಡ ಕ್ಯೂ. ಬೋರ್ಡಿನಲ್ಲಿ ಹಣ್ಣಿನ ಹೆಸರು ಓದಿ ಮುಗಿಯುವುದಿಲ್ಲ: ಉಂಬು, ಕಜಾ, ಮಂಗಾಬಾ, ಹಲಸು. ಹಲಸು ಇಲ್ಲಿಗೆ ಬಂದದ್ದು ನಮ್ಮ ಕಡೆಯಿಂದ, ಪೋರ್ಚುಗೀಸರ ಹಡಗಿನಲ್ಲಿ. ಬದಲಿಗೆ ಅವರು ನಮಗೆ ಗೇರು ತಂದುಕೊಟ್ಟರು, ಮಂಗಳೂರಿಗೆ ಲಾಭವೇ ಆಯಿತು ಅನ್ನಿ. ಹಾಡಿನ ಮರ್ಯಾದೆಗೆ ಸ್ಟ್ರಾಬೆರಿ ತಗೋಬೇಕಿತ್ತು. ನಾನು ಹಲಸು ತಗೊಂಡೆ.

ದಂಡೆಯ ಮೇಲೆ ಕೆಲವು ಹುಡುಗರು ಕಪೋಯೆರಾ ಆಡುತ್ತಿದ್ದರು. ಆಟ ನಿಂತಾಗ ಹಿರಿಯನೊಬ್ಬ ಬೆರಿಂಬಾವ್ ನನ್ನ ಕೈಗೆ ಕೊಟ್ಟ. ಎದೆಮಟ್ಟ ಎತ್ತರದ ಬಿಲ್ಲು, ಒಂದೇ ತಂತಿ. ಆ ತಂತಿ ಹಳೇ ಟೈರ್ ಒಳಗಿನಿಂದ ಎಳೆದದ್ದು ಅಂತ ತೋರಿಸಿದ, ಸುಲಿದ ಗುರುತು ಇನ್ನೂ ಇತ್ತು. ಕೆಳಗೆ ಒಣಗಿದ ಸೋರೆ ಬುರುಡೆ ಕಟ್ಟಿದೆ, ಅದರ ಬಾಯಿ ಹೊಟ್ಟೆಯ ಕಡೆಗೆ. ಎಡಗೈ ಕಿರುಬೆರಳ ಮೇಲೆ ಇಡೀ ಭಾರ ನಿಲ್ಲಬೇಕು, ಅದೇ ಕೈಯ ಹೆಬ್ಬೆರಳು ತೋರುಬೆರಳ ನಡುವೆ ಒಂದು ಚಪ್ಪಟೆ ಕಲ್ಲು. ಬಲಗೈಯಲ್ಲಿ ಸಣ್ಣ ಕಡ್ಡಿ, ಜೊತೆಗೆ ಬೀಜ ತುಂಬಿದ ಪುಟ್ಟ ಬುಟ್ಟಿ. ಕಲ್ಲು ತಂತಿಗೆ ಒತ್ತಿದರೆ ಸ್ವರ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಬುರುಡೆ ಹೊಟ್ಟೆಗೆ ತಾಗಿಸಿ ಬಿಡಿಸಿದರೆ ವಾಂವ್ ವಾಂವ್ ಅನ್ನುತ್ತದೆ. ಕಿರುಬೆರಳು ಎರಡು ನಿಮಿಷಕ್ಕೆ ಕೆಂಪಾಯಿತು. 1967ರಲ್ಲಿ ಇದನ್ನು ಆರ್ಕೆಸ್ಟ್ರಾ ಪಕ್ಕ ನಿಲ್ಲಿಸಿದ್ದು ಎಂಥ ಧೈರ್ಯ ಅಂತ ಅಲ್ಲಿ ತಿಳಿಯಿತು. ವಯಲಿನ್‌ನವರು ಶ್ರುತಿ ಮಾಡಿಕೊಳ್ಳುವಾಗ ಈ ಟೈರ್ ತಂತಿಯನ್ನು ಏನಂದುಕೊಂಡರೋ.

ಸೋಮವಾರ, ಪೆಲೊರಿನ್ಯೊ

ಇದು ನಾನು ಕಾಯುತ್ತಿದ್ದ ದಿನ. ಪೆಲೊರಿನ್ಯೊದ ಕಲ್ಲುಹಾಸಿನ ಗಲ್ಲಿಯಲ್ಲಿ ಫಿಲ್ಯೊಸ್ ದೆ ಗಾಂಧಿ ಅನ್ನುವ ಕಾರ್ನಿವಲ್ ತಂಡದ ಕಚೇರಿ ಇದೆ. ಗಾಂಧಿಯ ಮಕ್ಕಳು ಅಂತ ಅರ್ಥ, ಹೌದು, ನಮ್ಮ ಗಾಂಧಿಯೇ. 1949ರ ಫೆಬ್ರವರಿಯಲ್ಲಿ, ಗಾಂಧೀಜಿ ಹತ್ಯೆಯಾದ ಮರುವರ್ಷ, ಬಂದರಿನ ಹಮಾಲರು ಇದನ್ನು ಕಟ್ಟಿದರು. ಸಂಘದಲ್ಲಿ ದುಡ್ಡಿಲ್ಲ, ಕರಿಯರು ಗುಂಪುಗೂಡಿದರೆ ಪೊಲೀಸರ ಕಾಟ. ಶಾಂತಿಯ ಹೆಸರು ಹೊತ್ತರೆ ಬಡಿಯಲಾರರು ಅಂತ ಲೆಕ್ಕ. ಬಿಳಿ ಪಂಚೆಯಂಥ ಉಡುಪು, ತಲೆಗೆ ಟವೆಲ್ಲಿನ ಮುಂಡಾಸು, ಕೊರಳಲ್ಲಿ ಬಿಳಿ ನೀಲಿ ಮಣಿಸರ, ಆಫ್ರಿಕಾ ಮೂಲದ ದೇವತೆಗಳ ತಾಳ. ಗಾಂಧಿಯ ಹೆಸರಿನಲ್ಲಿ ಯೊರೂಬಾ ದೇವರ ಮೆರವಣಿಗೆ! ಇಂಥದ್ದನ್ನು ಯಾವ ಸಂಗೀತ ನಿರ್ದೇಶಕ ಸ್ಟುಡಿಯೋದಲ್ಲಿ ಕೂತು ಯೋಚಿಸಬಲ್ಲ? ಜಿಲ್ ಬೇರೆ ಬೇರೆ ಸಂಗೀತ ಬೆರೆಸಿದರು ಅಂತ ಎಲ್ಲರೂ ಬರೆಯುತ್ತಾರೆ. ನನಗನ್ನಿಸುವುದು, ಈ ಬಂದರು ಮೊದಲೇ ಬೆರೆಸಿಟ್ಟಿತ್ತು, ಅವರು ಅಸಡ್ಡೆ ಮಾಡದೆ ಕೇಳಿದರು, ಆಮೇಲೆ ಹೋದ ಊರಿನದ್ದೆಲ್ಲ ಸೇರಿಸುತ್ತಾ ಹೋದರು.

ಗಡೀಪಾರಾಗಿ ಲಂಡನ್‌ನಲ್ಲಿದ್ದ ಜಿಲ್ 1972ರಲ್ಲಿ ಮರಳಿದಾಗ ಈ ತಂಡ ಸೊರಗಿತ್ತು. ಜಿಲ್ ತಾವೂ ಮುಂಡಾಸು ಕಟ್ಟಿ ಸೇರಿಕೊಂಡರು, ಒಂದು ಹಾಡೂ ಕಟ್ಟಿದರು. ಓಗುನ್, ಓಶುನ್, ಎಲ್ಲ ದೇವತೆಗಳೂ ಇಳಿದು ಬಂದು ಗಾಂಧಿಯ ಮಕ್ಕಳನ್ನು ನೋಡಲಿ ಅಂತ ಕರೆಯುವ ಹಾಡು. 1975ರಲ್ಲಿ ಗಾಯಕ ಜೋರ್ಜಿ ಬೆನ್ ಜೊತೆ ಮಾಡಿದ ಆಲ್ಬಂನಲ್ಲಿ ಅದು ಹತ್ತು ನಿಮಿಷಕ್ಕೂ ಮೀರಿ ಓಡುತ್ತದೆ. ಈಗ ಸಾವಿರಾರು ಜನ ಈ ತಂಡದಲ್ಲಿ ನಡೆಯುತ್ತಾರೆ, ಗಂಡಸರು ಮಾತ್ರ. ಹುಡುಗಿಯರ ಮೇಲೆ ಲ್ಯಾವೆಂಡರ್ ನೀರು ಚಿಮುಕಿಸಿ, ಮಣಿಸರ ಕೊಟ್ಟು ಬದಲಿಗೆ ಮುತ್ತು ಕೇಳುವುದು ಸಂಪ್ರದಾಯ. ಬಾಪೂಗೆ ಗೊತ್ತಾಗಿದ್ದರೆ ಒಂದು ಉಪವಾಸ ಗ್ಯಾರಂಟಿ.

ಕಚೇರಿಯಲ್ಲಿದ್ದ ಹಿರಿಯರು ನಾವು ಭಾರತದವರು ಅಂತ ತಿಳಿದು ಅಗೊಗೊ ತೆಗೆದು ತೋರಿಸಿದರು. ಒಂದು ದೊಡ್ಡ ಒಂದು ಚಿಕ್ಕ ಗಂಟೆ ಜೋಡಿಸಿದ ಕಬ್ಬಿಣ. ಇಜೆಶಾ ತಾಳ ಬಡಿದರು. ಅವಸರವೇ ಇಲ್ಲದ ನಡಿಗೆ, ಓಡಲೂ ಬಿಡದು, ನಿಲ್ಲಲೂ ಬಿಡದು. ನಾನು ಎಣಿಸುತ್ತಾ ತಪ್ಪುತ್ತಿದ್ದರೆ ಅವರು "ಎಣಿಸಬೇಡಿ, ನಡೀರಿ" ಅಂದರಂತೆ, ಅನುವಾದ ತಮ್ಮನದು.

ಅವತ್ತು ರಾತ್ರಿ ಸೇಂಟ್ ಜಾನ್ ಹಬ್ಬದ ಮುನ್ನಾದಿನ. ಪೆಲೊರಿನ್ಯೊ ತುಂಬ ಬಣ್ಣದ ಕಾಗದದ ಪತಾಕೆ, ಬೇಯಿಸಿದ ಕಡಲೆಕಾಯಿ, ಜೋಳ, ಶುಂಠಿ ಹಾಕಿದ ಬಿಸಿ ಮದ್ಯ. ಡೋಲುಗಳ ಊರಿನಲ್ಲಿ ಅವತ್ತು ಅಕಾರ್ಡಿಯನ್ ರಾಜ. ಅಕಾರ್ಡಿಯನ್, ಜಬುಂಬಾ ಡೋಲು, ತ್ರಿಕೋನದ ಕಬ್ಬಿಣ, ಈ ಮೂರಿದ್ದರೆ ಬಯಾಂವ್ ಆಯಿತು. ಜಿಲ್ ಹುಟ್ಟಿದ್ದು ಸಾಲ್ವಡೋರ್‌ನಲ್ಲಾದರೂ ಬೆಳೆದದ್ದು ಒಳನಾಡಿನ ಇತುವಾಸು ಅನ್ನುವ ಸಣ್ಣ ಊರಿನಲ್ಲಿ, ತಂದೆ ಡಾಕ್ಟರ್, ತಾಯಿ ಟೀಚರ್. ರೇಡಿಯೋದಲ್ಲಿ ಬಯಾಂವ್ ದೊರೆ ಲೂಯಿಸ್ ಗೊನ್ಜಾಗಾ ಕೇಳಿ ಮೊದಲು ಕಲಿತದ್ದು ಗಿಟಾರ್ ಅಲ್ಲ, ಅಕಾರ್ಡಿಯನ್. ಜೊವಾವ್ ಜಿಲ್ಬೆರ್ಟೊನ ಬೊಸ್ಸಾ ನೋವಾ ಕೇಳಿದ ಮೇಲೆಯೇ ಗಿಟಾರ್ ಕೈಗೆ ಬಂತು. ಮಳೆ ಬಂದರೂ ಯಾರೂ ಕದಲಲಿಲ್ಲ, ಜೋಡಿ ಜೋಡಿಯಾಗಿ ಕುಣಿಯುತ್ತಲೇ ಇದ್ದರು. ತಮ್ಮನನ್ನೂ ಒಬ್ಬ ಅಜ್ಜಿ ಎಳೆದುಕೊಂಡು ಹೋದರು.

ಮಂಗಳವಾರ

ಹಬ್ಬದ ರಜೆ, ಅಂಗಡಿ ಮುಚ್ಚಿತ್ತು, ಧಾರಾಕಾರ ಮಳೆ. ರೂಮಿನಲ್ಲಿ ಕೂತು ಹಾಡು ಕೇಳಿದೆವು. ಲಂಡನ್‌ನಿಂದ ಬಂದು ಮಾಡಿದ 'ಎಕ್ಸ್‌ಪ್ರೆಸೊ 2222' ಆಲ್ಬಂ ಶುರುವಾಗುವುದೇ ಕರುವಾರುವಿನ ಅದೇ ಕೊಳಲು ಮೇಳದಿಂದ. ಗಡೀಪಾರಿನಿಂದ ಬಂದ ರಾಕ್ ಸ್ಟಾರ್ ಮೊದಲ ಹಾಡನ್ನು ಹಳ್ಳಿ ಮೇಳಕ್ಕೆ ಬಿಟ್ಟುಕೊಟ್ಟದ್ದು ನನಗೆ ಬಹಳ ಹಿಡಿಸಿತು. 1977ರಲ್ಲಿ ನೈಜೀರಿಯಾದ ಲಾಗೋಸ್‌ನಲ್ಲಿ ನಡೆದ ಆಫ್ರಿಕಾ ಕಲಾ ಉತ್ಸವಕ್ಕೆ ಹೋಗಿ ಬಂದು 'ರೆಫಾವೆಲಾ' ಮಾಡಿದರು. ಅದರಲ್ಲಿ ಸಾಲ್ವಡೋರ್‌ನ ಕರಿಯರದೇ ಆದ ಇಲೆ ಆಯೆ ತಂಡದ ಹಾಡೂ ಇದೆ. 1979ರಲ್ಲಿ ಬಾಬ್ ಮಾರ್ಲಿ ಹಾಡಿ ಹೆಸರಾದ 'ನೋ ವುಮನ್ ನೋ ಕ್ರೈ'ಯನ್ನು ಪೋರ್ಚುಗೀಸಿಗೆ ತಂದರು. ಗಡೀಪಾರಾದವರಿಗೆ ಕ್ಷಮಾದಾನದ ಕಾನೂನು ಬಂದ ವರ್ಷವೂ ಅದೇ. ಅಳಬೇಡ ಅನ್ನುವ ಆ ಹಾಡು ಮನೆಮನೆಗೂ ಅರ್ಥವಾಯಿತು.

ಎಲ್ಲವೂ ಚೆನ್ನಾಗಿಲ್ಲ, ಹೇಳಿಬಿಡುತ್ತೇನೆ. ಎಂಬತ್ತರ ದಶಕದ ಕೆಲವು ರೆಕಾರ್ಡ್‌ಗಳಲ್ಲಿ ಸಿಂಥಸೈಜರ್ ಜಾಸ್ತಿ, ಹಾಡು ಕಮ್ಮಿ. ತಮ್ಮನಿಗೆ ಅವೇ ಇಷ್ಟವಾದವು.

2003ರಿಂದ 2008ರವರೆಗೆ ಅಧ್ಯಕ್ಷ ಲೂಲಾ ಸರ್ಕಾರದಲ್ಲಿ ಜಿಲ್ ಮಂತ್ರಿ. ಆಗ ತಂದ ಯೋಜನೆ 'ಸಂಸ್ಕೃತಿ ಕೇಂದ್ರ'ಗಳದ್ದು. ಹೊಸ ಕಟ್ಟಡ ಕಟ್ಟುವ ಬದಲು ಈಗಾಗಲೇ ಕೆಲಸ ಮಾಡುತ್ತಿರುವ ಬೀದಿಯ ಗುಂಪುಗಳಿಗೇ ದುಡ್ಡು ಮತ್ತು ರೆಕಾರ್ಡಿಂಗ್ ಸಲಕರಣೆ ಕೊಡುವುದು. ಹಮಾಲರು ಕಟ್ಟಿದ ತಂಡದಲ್ಲಿ ನಡೆದವರಿಗೆ ಹೊಳೆಯುವಂಥ ಯೋಜನೆ ಅದು. 2003ರಲ್ಲಿ ವಿಶ್ವಸಂಸ್ಥೆಯ ಸಭಾಂಗಣದಲ್ಲಿ ಹಾಡಿ, ಆಗಿನ ಪ್ರಧಾನ ಕಾರ್ಯದರ್ಶಿ ಕೋಫಿ ಅನ್ನಾನ್ ಅವರನ್ನೇ ಡೋಲು ಬಡಿಯಲು ಕೂರಿಸಿದ ವಿಡಿಯೋ ಸಿಗುತ್ತದೆ, ನೋಡಿ.

ಬುಧವಾರ, ತೊರೊರೊ

ವಿಮಾನ ರಾತ್ರಿಗೆ. ಬೆಳಿಗ್ಗೆ ತೊರೊರೊ ಕೆರೆಯ ಸುತ್ತ ನಡೆದೆವು. ನೀರಿನ ಮಧ್ಯೆ ಓರಿಶಾ ದೇವತೆಗಳ ದೊಡ್ಡ ಪ್ರತಿಮೆಗಳು, ದಂಡೆಯಲ್ಲಿ ಜಾಗಿಂಗ್ ಮಾಡುವವರು. 1942ರ ಜೂನ್ 26ರಂದು ಜಿಲ್ ಹುಟ್ಟಿದ್ದು ಈ ತೊರೊರೊ ಬಡಾವಣೆಯಲ್ಲಿ. ಕೆರೆಯ ಪಕ್ಕದಲ್ಲೇ ಫೋಂಚಿ ನೋವಾ ಸ್ಟೇಡಿಯಂ. 2025ರ ಮಾರ್ಚ್ 15ರಂದು ದೊಡ್ಡ ಪ್ರವಾಸಗಳಿಗೆ ವಿದಾಯ ಹೇಳುವ 'ಟೆಂಪೊ ರೇ' ಕಾರ್ಯಕ್ರಮ ಸರಣಿಯನ್ನು ಅವರು ಶುರು ಮಾಡಿದ್ದು ಅಲ್ಲಿ. ಹುಟ್ಟಿದ ಬಡಾವಣೆಯಿಂದ ನಡೆದೇ ಹೋಗಬಹುದು.

"ಇವರದ್ದು ಮೊದಲು ಯಾವುದು ಕೇಳಬೇಕು?" ಅಂತ ತಮ್ಮ ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಕೇಳಿದ. 'ಎಕ್ಸ್‌ಪ್ರೆಸೊ 2222' ಕೇಳು ಅಂದೆ, ಆಮೇಲೆ 1975ರ 'ರೆಫಜೆಂಡಾ', ಜೋರ್ಜಿ ಬೆನ್ ಜೊತೆಗಿನದನ್ನು ಮನೆಯಲ್ಲಿ ಯಾರೂ ಇಲ್ಲದಾಗ ಜೋರಾಗಿ ಹಾಕು. ಅವನು ಫೋನ್ ತೆಗೆದು ಎಂಬತ್ತರ ದಶಕದ ಸಿಂಥಸೈಜರ್ ಹಾಡು ಹಾಕಿದ. ಟ್ಯಾಕ್ಸಿಯವನೂ ಅವನ ಪಾರ್ಟಿಯೇ, ಸೌಂಡ್ ಜಾಸ್ತಿ ಮಾಡು ಅಂದ.